ಪದಕವಿಲ್ಲದ ಯೋಧರು

ವಿಕ್ಟೋರಿಯಾ ರಾಣಿಯ ಕಾಲದ ಫಿರಂಗಿದಳದ ಸಿಪಾಯಿಯೊಬ್ಬನ ಪದಕವನ್ನು ತಿರುಗಿಸಿ ನೋಡಿದರೆ ಅಂಚಿನಲ್ಲಿ ಅವನ ಹೆಸರು, ದಳಗಳನ್ನು ಓದಬಹುದು. ದೀರ್ಘಸೇವೆ, ಸನ್ನಡತೆಗಳಿಗೆಂದೇ ಬ್ರಿಟಿಷ್ ಸೇನೆ 1830ರಿಂದ ಪದಕ ಕೊಡುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಮದ್ದುಗುಂಡಿನೊಡನೆ ಬಾಳಿದವರ ಗುರುತೇನು?

ಸಾಗರದ ಕೆಳದಿಯಲ್ಲಿ ಹುಟ್ಟಿ, ತೀರ್ಥಹಳ್ಳಿಯ ಕವಲೇದುರ್ಗವನ್ನು ಕಾವಲಾಗಿಸಿಕೊಂಡು, ಹೊಸನಗರದ ಬಿದನೂರಿನಿಂದ ಆಳಿದ ನಾಯಕರ ರಾಜ್ಯವನ್ನು 1763ರಲ್ಲಿ ಹೈದರಾಲಿ ಗೆದ್ದನು. ಆ ಬಿದನೂರೇ ಇಂದಿನ ನಗರ. 2018ರಲ್ಲಿ ಅಲ್ಲಿಯ ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಒಂದೊಂದೂ ಗೇಣುದ್ದ, ಟಿಪ್ಪುವಿನ ಕಾಲದವು. ಇಂಗ್ಲೆಂಡಿನ ಕಾಂಗ್ರೀವನ ರಾಕೆಟ್ಟಿಗೆ ಮೈಸೂರಿನ ಇಂಥ ಅಗ್ನಿಬಾಣಗಳೇ ಪ್ರೇರಣೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಗೆದ್ದವರಿಗೆ ಪದಕ ಹಂಚಿತು. ಹುಲಿಯನ್ನು ಕೆಡಹಿದ ಸಿಂಹ ಅದರ ಚಿತ್ರ. ಮೇಲಧಿಕಾರಿಗೆ ಚಿನ್ನ, ಸಾಮಾನ್ಯ ಸಿಪಾಯಿಗೆ ತವರ. ಸೋತವರಿಗೆ ಅದೂ ಇಲ್ಲ.

ಇದೇ ಸೀಮೆಯಲ್ಲಿ ಒಂದು ಕಾಲಕ್ಕೆ ತುರುಗಾಳಗದಲ್ಲಿ ಮಡಿದವನಿಗೂ ವೀರಗಲ್ಲು ನೆಡುತ್ತಿದ್ದರು; ಹಲವರ ಹೆಸರನ್ನೂ ಕೆತ್ತಿಸುತ್ತಿದ್ದರು. ಬಾಣ ಹಾರಿಸಿದವನಿಗೆ ಕಲ್ಲೂ ಇಲ್ಲ, ಪದಕವೂ ಇಲ್ಲ. ಬಾವಿಯಿಂದೆದ್ದ ಆ ತುಕ್ಕುಗಬ್ಬಿಣವನ್ನೇ ಅವನ ಬಿರುದೆಂದು ನಾನು ಎಣಿಸುತ್ತೇನೆ. ಅಂಚಿನಲ್ಲಿ ಹೆಸರಿಲ್ಲದಿರಬಹುದು, ಅದನ್ನು ಬಡಿದ, ಮದ್ದು ತುಂಬಿದ, ಹೊತ್ತ ಕೈಗಳು ಮಾತ್ರ ಇದ್ದವು.