ಸಲಾಹುದ್ದೀನನ ಕೈಯಲ್ಲಿ ಯಾರ ಖಡ್ಗ?

ಯುದ್ಧದ ಸಿನಿಮಾದಲ್ಲಿ ಎರಡು ಯುದ್ಧಗಳಿರುತ್ತವೆ. ಒಂದು, ಕತೆಯೊಳಗೆ ನಡೆಯುವುದು. ಇನ್ನೊಂದು, ಸಿನಿಮಾ ಮಾಡಿದವರು ತಮ್ಮ ಕಾಲದಲ್ಲಿ ಕಂಡದ್ದು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಕುರಿತು ಬಂದ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲು ಚರಿತ್ರೆ. 1187ರ ಜುಲೈ 4ರಂದು ಹಿತ್ತೀನ್‌ನಲ್ಲಿ ಸುಲ್ತಾನನ ಸೇನೆ ಕ್ರುಸೇಡರುಗಳನ್ನು ಸೋಲಿಸಿತು. ಅಲ್ಲಿ ಖಡ್ಗದಷ್ಟೇ ಕೆಲಸ ಮಾಡಿದ್ದು ಬಾಯಾರಿಕೆ. ಶತ್ರುವನ್ನು ನೀರಿನಿಂದ ದೂರವಿಟ್ಟು, ಒಣಹುಲ್ಲಿಗೆ ಬೆಂಕಿಯಿಟ್ಟು ಹೊಗೆಯಲ್ಲಿ ದಣಿಸಲಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಜೆರುಸಲೇಮ್ ನಗರ ಒಪ್ಪಂದದ ಮೂಲಕ ಶರಣಾಯಿತು.

ಈಜಿಪ್ಟಿನ ನಿರ್ದೇಶಕ ಯೂಸುಫ್ ಶಾಹೀನ್ 1963ರಲ್ಲಿ 'ಅಲ್ ನಾಸಿರ್ ಸಲಾಹುದ್ದೀನ್' ತಯಾರಿಸಿದರು. ಏಳು ವರ್ಷಗಳ ಹಿಂದೆ, 1956ರಲ್ಲಿ, ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಈಜಿಪ್ಟಿನ ಮೇಲೆ ದಾಳಿ ನಡೆಸಿದ್ದವು. ಶೀರ್ಷಿಕೆಯಲ್ಲೇ ಅಧ್ಯಕ್ಷ ನಾಸಿರ್ ಅವರ ಹೆಸರು ಕೇಳಿಸುತ್ತದೆ. ಸುಲ್ತಾನನ ಪಾತ್ರ ಮಾಡಿದ ಅಹ್ಮದ್ ಮಝ್ಹರ್ ಸ್ವತಃ ಅಶ್ವದಳದ ಅಧಿಕಾರಿಯಾಗಿದ್ದವರು. ಕುರ್ದ್ ವಂಶದ ಸಲಾಹುದ್ದೀನ್ ಇಲ್ಲಿ ಅರಬರ ಒಗ್ಗಟ್ಟಿನ ನಾಯಕ. ಇನ್ನೊಂದು ಬದಲಾವಣೆ ಕುತೂಹಲಕರ. ಅಕ್ಕಾ ನಗರದ ಮುತ್ತಿಗೆಯಲ್ಲಿ ಕಡಲಲ್ಲಿ ಈಜಿ ಸಂದೇಶ ಒಯ್ಯುತ್ತಿದ್ದ ಈಸಾ ಎಂಬ ಮುಸ್ಲಿಮನ ವೃತ್ತಾಂತವನ್ನು ಆ ಕಾಲದ ಬಹಾಉದ್ದೀನ್ ಬರೆದಿದ್ದಾನೆ. ಶಾಹೀನ್ ಅವನನ್ನು ಅರಬ್ ಕ್ರೈಸ್ತನನ್ನಾಗಿ ಮಾಡಿದರು. ಇದು ಧರ್ಮಗಳ ಕಾಳಗವಲ್ಲ, ಪರದೇಶಿಯರ ಆಕ್ರಮಣ ಎಂದು ಹೇಳಬೇಕಿತ್ತು. ಸೂಯೆಜ್ ಕಂಡ ಪ್ರೇಕ್ಷಕನಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಎರಡನೆಯದು ರಿಡ್ಲಿ ಸ್ಕಾಟ್ ಅವರ 2005ರ 'ಕಿಂಗ್‌ಡಮ್ ಆಫ್ ಹೆವನ್'. 2001ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಬುಷ್ ತಮ್ಮ ಹೋರಾಟಕ್ಕೆ 'ಕ್ರುಸೇಡ್' ಎಂಬ ಪದ ಬಳಸಿದ್ದರು. 2003ರಲ್ಲಿ ಇರಾಕಿನ ಯುದ್ಧ ಆರಂಭವಾಗಿತ್ತು. ಈ ಚಿತ್ರದಲ್ಲಿ ಹಿತ್ತೀನ್ ಕಾಳಗವೇ ಇಲ್ಲ. ಮುಗಿದ ಮೇಲಿನ ಹೆಣಗಳ ರಾಶಿ, ಹದ್ದುಗಳು ಮಾತ್ರ. ಗೆಲುವಿನ ಸಂಭ್ರಮಕ್ಕೆ ಜಾಗವಿಲ್ಲ. ಜೆರುಸಲೇಮಿನ ಮೇಲೆ ರಾತ್ರಿಯಲ್ಲಿ ಬೆಂಕಿಯುಂಡೆಗಳು ಸುರಿಯುವಾಗ, ಟಿ.ವಿ.ಯಲ್ಲಿ ಬಾಗ್ದಾದ್ ಉರಿದದ್ದನ್ನು ಕಂಡವರಿಗೆ ಅದು ನೆನಪಾಗದಿರದು. ಸಿರಿಯಾದ ನಟ ಗಸ್ಸಾನ್ ಮಸೂದ್ ಅವರ ಸುಲ್ತಾನ್, ನೆಲಕ್ಕೆ ಬಿದ್ದ ಶಿಲುಬೆಯನ್ನು ಎತ್ತಿ ಮೇಜಿನ ಮೇಲಿಡುತ್ತಾನೆ. ಅದು ಸುಂದರ ದೃಶ್ಯ. ಆದರೆ ಬಂಡೆಯ ಗುಮ್ಮಟದ ಮೇಲಿದ್ದ ಹೊನ್ನಿನ ಶಿಲುಬೆಯನ್ನು ತಕ್ಬೀರ್ ಘೋಷದ ನಡುವೆ ಕೆಳಗಿಳಿಸಲಾಯಿತು ಎನ್ನುತ್ತಾನೆ ಇತಿಹಾಸಕಾರ ಇಬ್ನುಲ್ ಅಸೀರ್.

ಶರಣಾಗತಿಯ ಲೆಕ್ಕದಲ್ಲೂ ಹೀಗೆಯೇ. ಚಿತ್ರದಲ್ಲಿ ಎಲ್ಲರೂ ಸುರಕ್ಷಿತವಾಗಿ ಹೊರಡುತ್ತಾರೆ. ನಿಜದಲ್ಲಿ ಬಿಡುಗಡೆಗೆ ದರವಿತ್ತು: ಗಂಡಸಿಗೆ 10 ದೀನಾರ್, ಹೆಂಗಸಿಗೆ 5. 1099ರಲ್ಲಿ ಕ್ರುಸೇಡರುಗಳು ಇದೇ ನಗರದಲ್ಲಿ ನಡೆಸಿದ ಕಗ್ಗೊಲೆಯ ಮುಂದೆ ಇದು ಎಷ್ಟೋ ದೊಡ್ಡ ಔದಾರ್ಯ. ಸುಲ್ತಾನ್ ಮುದುಕರನ್ನು ಹಣವಿಲ್ಲದೆ ಬಿಟ್ಟದ್ದೂ ನಿಜ. ಆದರೂ ಕೊಡಲಾಗದ ಬಡವರು ಸೆರೆಯಾದರು. ಸುಲ್ತಾನನ ಕಾರ್ಯದರ್ಶಿ ಇಮಾದುದ್ದೀನ್ ಅವರ ಸಂಖ್ಯೆಯನ್ನು ಸುಮಾರು 15 ಸಾವಿರ ಎಂದು ಬರೆದಿಟ್ಟಿದ್ದಾನೆ.

ಒಂದು ಚಿತ್ರಕ್ಕೆ ಗೆಲ್ಲುವ ನಾಯಕ ಬೇಕಿದ್ದ, ಇನ್ನೊಂದಕ್ಕೆ ಕ್ಷಮಿಸುವ ನಾಯಕ. ಎರಡೂ ಮುಖಗಳು ಸುಲ್ತಾನನಲ್ಲಿ ಇದ್ದವು. ಆದ್ದರಿಂದಲೇ ಅವೆರಡೂ ನಂಬುವಂತಿವೆ. ಆದರೆ 5 ದೀನಾರ್ ಇಲ್ಲದ ಹೆಂಗಸು ಯಾವ ಕಾಲದ ಯುದ್ಧಕ್ಕೂ ಉಪಯೋಗಕ್ಕೆ ಬರುವವಳಲ್ಲ. ಹೊಗಳುವವರಿಗೂ ಅವಳು ಬೇಡ, ಸಂಧಾನ ಬಯಸುವವರಿಗೂ ಬೇಡ. ಇಂದು ನಮ್ಮ ಮಕ್ಕಳು ಚರಿತ್ರೆಯನ್ನು ಪುಸ್ತಕಕ್ಕಿಂತ ಮೊದಲು ಪರದೆಯ ಮೇಲೆ ಕಾಣುತ್ತಾರೆ. ಯಾರ ಕಡೆಯ ಚಿತ್ರವೇ ಆಗಲಿ, ಅದು ಯಾವ ವರ್ಷ ತಯಾರಾಯಿತು, ಆಗ ಎಲ್ಲಿ ಬಾಂಬು ಬೀಳುತ್ತಿತ್ತು ಎಂದು ಕೇಳುವುದನ್ನಾದರೂ ಅವರಿಗೆ ಕಲಿಸೋಣ.