ನಾಣ್ಯ, ಚಿನ್ನ, ಈಗ ಎನ್‌ಎಫ್‌ಟಿ

"ಚಿಕ್ಕಪ್ಪ, ಮದುವೆಗೆ ಕೂಡಿಟ್ಟ ದುಡ್ಡಲ್ಲಿ ಎನ್‌ಎಫ್‌ಟಿ ತಗೊಳ್ಳಲಾ?" ಅಂತ ಮೊನ್ನೆ ಅಣ್ಣನ ಮಗ ಕೇಳಿದ. ಡೊಂಬಿವಲಿಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಇಲ್ಲಿನ ಹಳೆಯ ಕತೆಗಳು ನೆನಪಾದವು.

2018ರಲ್ಲಿ ಥಾಣೆ ಪೊಲೀಸರ ಮುಂದೆ ಬಂದದ್ದು ಮನಿ ಟ್ರೇಡ್ ಕಾಯಿನ್ ಎಂಬ ಡಿಜಿಟಲ್ ನಾಣ್ಯದ ವಂಚನೆ ಪ್ರಕರಣ. 2019ರಲ್ಲಿ ಚಿನ್ನಕ್ಕೆ ತಿಂಗಳ ಕಂತು ಕಟ್ಟಿಸಿಕೊಂಡಿದ್ದ ಡೊಂಬಿವಲಿಯ ಗುಡ್‌ವಿನ್ ಜ್ಯುವೆಲರ್ಸ್ ಬಾಗಿಲು ಹಾಕಿತು. ವಾರವಾರ ಹಣ ಕೊಡುತ್ತೇವೆಂದು ಕಲ್ಯಾಣ, ಸಾನ್ಪಾಡಾದಲ್ಲೂ ಮೊಯ್ಸನೈಟ್ ಕಲ್ಲು ಮಾರಿದ ಟೊರೆಸ್ 2025ರ ಜನವರಿಯಲ್ಲಿ ಕುಸಿಯಿತು.

ಎನ್‌ಎಫ್‌ಟಿ ಅಂದರೆ ಬ್ಲಾಕ್‌ಚೈನ್‌ನಲ್ಲಿರುವ ಒಂದು ದಾಖಲೆ. ದಾಖಲೆ ಅಸಲಿಯಾಗಿದ್ದರೂ ಕೊಳ್ಳುವವರಿಲ್ಲದಿದ್ದರೆ ಬೆಲೆಯಿಲ್ಲ. ಅವನಿಗೆ ಎರಡೇ ಮಾತು ಹೇಳಿದೆ: "ಖಚಿತ ಲಾಭ ಅಂದವನಿಗೆ ದುಡ್ಡು ಕೊಡಬೇಡ. ವ್ಯಾಲೆಟ್‌ನ ಗುಟ್ಟಿನ ಪದಗಳನ್ನು ಯಾರಿಗೂ ಹೇಳಬೇಡ."

ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ.