ವಜ್ರದ ಮೈಮೇಲಿನ ಕಲೆಗಳು



ವಜ್ರವೆಂದರೆ ಕಳಂಕವಿಲ್ಲದ ಕಾಂತಿ ಎಂಬುದು ನಮ್ಮೆಲ್ಲರ ಕಲ್ಪನೆ. ಆದರೆ ಸಾಣೆ ಹಿಡಿಯದ ವಜ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಎಂಟು ಮುಖಗಳ ಮೇಲೆ ಪುಟ್ಟ ತ್ರಿಕೋನಾಕಾರದ ಕುಳಿಗಳು ಕಾಣುತ್ತವೆ. ಕೆಲವು ಹರಳುಗಳ ಅಂಚುಗಳು ಸವೆದಂತೆ ದುಂಡಗಾಗಿರುತ್ತವೆ. ಇವು ಹುಟ್ಟುಮಚ್ಚೆಗಳೋ, ಅನಂತರ ಬಿದ್ದ ಗಾಯದ ಕಲೆಗಳೋ? ಈ ಪ್ರಶ್ನೆಯ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸ್ಥಾನವಿದೆ.

ಸರ್ ಸಿ.ವಿ. ರಾಮನ್ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1940ರ ದಶಕದಲ್ಲಿ ಅವರು ವಜ್ರದ ಅಧ್ಯಯನದಲ್ಲಿ ಮಗ್ನರಾದರು. 1946ರಲ್ಲಿ ಎಸ್. ರಾಮಶೇಷನ್ ಅವರೊಡನೆ ವಜ್ರದ ಹರಳುಗಳ ಆಕಾರವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಬಾಗಿದ ಮುಖಗಳು ಹರಳು ಬೆಳೆಯುವಾಗಲೇ ಮೂಡಿದವು ಎಂಬುದು ಅವರ ಮತ. ವಜ್ರವಜ್ರಗಳ ನಡುವಣ ಭೇದಕ್ಕೂ ಅನ್ಯವಸ್ತುಗಳ ಬೆರಕೆ ಕಾರಣವಲ್ಲ, ವಜ್ರದ ಸ್ವಂತ ರಚನೆಯೇ ಕಾರಣವೆಂದು ಅವರು ವಾದಿಸಿದರು.

ಕಾಲದ ತೀರ್ಪು ಬೇರೆಯಾಯಿತು. ತ್ರಿಕೋನ ಕುಳಿಗಳು ಕೊರೆತದಿಂದ ಆದವೆಂದು 1958ರಲ್ಲಿ ಇಂಗ್ಲೆಂಡಿನ ಎಫ್.ಸಿ. ಫ್ರಾಂಕ್ ಮತ್ತು ಸಂಗಡಿಗರು ಪ್ರತಿಪಾದಿಸಿದರು. 1959ರಲ್ಲಿ ಅಮೆರಿಕದ ಕೈಸರ್ ಮತ್ತು ಬಾಂಡ್, ಹೆಚ್ಚಿನ ವಜ್ರಗಳಲ್ಲಿ ಸಾರಜನಕ ಬೆರೆತಿರುವುದನ್ನು ತೋರಿಸಿದರು. 1964ರಲ್ಲಿ ಎ.ಆರ್. ಲ್ಯಾಂಗ್ ಅವರು ಎಕ್ಸ್-ರೇ ಚಿತ್ರಗಳ ಮೂಲಕ, ಮೊನಚು ತಳದ ಕುಳಿಗಳು ಹರಳಿನೊಳಗಿನ ಪರಮಾಣುಗಳ ಸಾಲು ತಪ್ಪಿದೆಡೆಯಲ್ಲೇ ಇರುವುದನ್ನು ಕಂಡರು.

ಇಂದಿನ ತಿಳಿವಳಿಕೆ ಹೀಗಿದೆ: ವಜ್ರಗಳಲ್ಲಿ ಬಹುಪಾಲು ಸುಮಾರು 150 ಕಿಲೋಮೀಟರಿಗೂ ಆಳದಲ್ಲಿ ಹುಟ್ಟುತ್ತವೆ. ಕಿಂಬರ್ಲೈಟ್ ಎಂಬ ಶಿಲಾರಸ ಅವುಗಳನ್ನು ಮೇಲಕ್ಕೆ ಹೊತ್ತು ತರುವಾಗ, ಅದರಲ್ಲಿರುವ ನೀರು ಮತ್ತು ಇಂಗಾಲಾಮ್ಲಗಳು ಹರಳನ್ನು ಕರಗಿಸುತ್ತವೆ. ಒಳಗೆ ಎಲ್ಲಿ ಲೋಪವಿದೆಯೋ ಅಲ್ಲಿ ಕೊರೆತ ಮೊದಲಾಗುತ್ತದೆ. ಅಂಚುಗಳು ಕರಗಿ ಮುಖಗಳು ಬಾಗುತ್ತವೆ.

ವೈದ್ಯವೃತ್ತಿಯಲ್ಲಿ ನಾವು ಲಕ್ಷಣಗಳನ್ನೂ ರೋಗನಿರ್ಣಯವನ್ನೂ ಬೇರೆಬೇರೆಯಾಗಿ ಬರೆದಿಡುತ್ತೇವೆ. ನಿರ್ಣಯ ಬದಲಾದರೂ ಶ್ರದ್ಧೆಯಿಂದ ಗುರುತಿಸಿದ ಲಕ್ಷಣ ಉಳಿಯುತ್ತದೆ. ರಾಮನ್ ಅವರ ವಿವರಣೆ ನಿಲ್ಲಲಿಲ್ಲ. ಅವರ ನೋಟ ನಿಂತಿತು. 1928ರಲ್ಲಿ ಅವರು ಕಂಡ ಬೆಳಕಿನ ಚದುರುವಿಕೆಯ ಆಧಾರದಿಂದಲೇ ಇಂದು ರತ್ನಪರೀಕ್ಷಕರು ವಜ್ರವನ್ನು ಗುರುತಿಸುತ್ತಾರೆ. ಹಿರಿಯರ ಪ್ರತಿಯೊಂದು ಮಾತನ್ನೂ ವೇದವಾಕ್ಯವೆನ್ನದೆ, ಅವರಂತೆ ಕಣ್ಣಿಟ್ಟು ನೋಡುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಅದೇ ಅವರಿಗೆ ಸಲ್ಲುವ ನಿಜವಾದ ಗೌರವ.